ಇಬ್ಬರು ಜೆರಾರ್ಡ್, ಒಂದೇ ಕ್ರೆಮೊನಾ. ಇವರು ಬಳಗದವರಾ?

ಅಣ್ಣಿಗೇರಿಯವ, ಹುಬ್ಬಳ್ಳಿ:
ನನ್ನ ಅಡ್ಡಹೆಸರು ಅಣ್ಣಿಗೇರಿ. ಹುಟ್ಟಿ ಬೆಳೆದದ್ದೆಲ್ಲ ಹಳೇ ಹುಬ್ಬಳ್ಳಿ. ಹೋದ ವಾರ ನನ್ನ ಪಾರ್ಸಲ್ ಹಿಂದಿನ ಓಣಿಯ ಇನ್ನೊಬ್ಬ ಅಣ್ಣಿಗೇರಿಯವರ ಮನೆಗೆ ಹೋಯಿತು. ಇನಿಶಿಯಲ್ಲೂ ಒಂದೇ. ಅವರು ಒಡೆದು ನೋಡಿ, "ಇದ್ರಾಗ ಬರೇ ಲೆಕ್ಕದ ಪುಸ್ತಕ ಅದರೀ, ನಮ್ಮದಲ್ಲ" ಅಂತ ತಂದುಕೊಟ್ಟರು.

ಆ ಪುಸ್ತಕದಲ್ಲಿ ಇಟಲಿಯ ಕ್ರೆಮೊನಾ ಊರಿನ ಜೆರಾರ್ಡ್ ಎಂಬ ಅನುವಾದಕ 1187ರಲ್ಲಿ ತೀರಿಕೊಂಡ ಅಂತಿದೆ. ಮನೆಯಲ್ಲಿದ್ದ ಹಳೇ ಪುಸ್ತಕದಲ್ಲಿ ಅದೇ ಹೆಸರಿನವನು ಹದಿಮೂರನೇ ಶತಮಾನದಲ್ಲಿ ಜ್ಯೋತಿಷ್ಯ ಹೇಳುತ್ತಿದ್ದಾನೆ. ಅಪ್ಪ-ಮಗನಾ? ಅಥವಾ ಅಚ್ಚಿನ ತಪ್ಪಾ?

ಕಾರ್ಡ್ ಬರೆದವನು, ಧಾರವಾಡ:
ಅಚ್ಚಿನ ತಪ್ಪಲ್ಲ, ಬೇರೆ ಬೇರೆ ಜನ. ನೀವು ಮತ್ತು ಹಿಂದಿನ ಓಣಿಯವರು ಇದ್ದಂಗೆ. ಎರಡನೆಯವನನ್ನು ಸಬ್ಬಿಯೊನೆಟಾದ ಜೆರಾರ್ಡ್ ಅಂತಲೂ ಕರೆಯುತ್ತಾರೆ. ಅದು ಕ್ರೆಮೊನಾ ಕಡೆಯದೇ ಊರು, ಇಟಲಿಯಲ್ಲಿ.

ಮೊದಲನೆಯವನ ಕಥೆ ಚೆಂದ ಇದೆ. ಹಳೇ ಕಾಲದ ಟಾಲೆಮಿ ಗ್ರೀಕಿನಲ್ಲಿ ಬರೆದ ಖಗೋಳದ ಪುಸ್ತಕ ಅಲ್ಮಜೆಸ್ಟ್ ಓದಬೇಕು ಅಂತ ಊರು ಬಿಟ್ಟು ಸ್ಪೇನಿನ ಟೊಲೆಡೊಗೆ ಹೋದ. ಅಲ್ಲಿ ಅರಬ್ಬಿ ಕಲಿತ. 1175ರ ಹೊತ್ತಿಗೆ ಆ ಪುಸ್ತಕವನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತಂದ. ಒಟ್ಟು ಎಪ್ಪತ್ತಕ್ಕೂ ಜಾಸ್ತಿ ಪುಸ್ತಕ. ಆದರೆ ಯಾವುದರ ಮೇಲೂ ಹೆಸರು ಹಾಕುವ ರೂಢಿ ಇಲ್ಲ! ಸತ್ತ ಮೇಲೆ ಶಿಷ್ಯರೇ ಕೂತು ಪಟ್ಟಿ ಮಾಡಿದರು. ಗೊಂದಲ ಆಗದೆ ಇನ್ನೇನು?

ನಗಬೇಡಿ, ನಾನೂ ಒಂದು ಲೈಬ್ರರಿಯಲ್ಲಿ ಇಬ್ಬರು ಮುಳಗುಂದರನ್ನು ಒಂದೇ ಕಾರ್ಡಿಗೆ ಬರೆದಿಟ್ಟಿದ್ದೆ. ಒಬ್ಬರದು ವಚನ, ಇನ್ನೊಬ್ಬರದು ದನಗಳ ರೋಗ. ಆರು ವರ್ಷ ಯಾರೂ ಕೇಳಲಿಲ್ಲ.

ಇನ್ನೊಂದು ಮಾತು. ಅಣ್ಣಿಗೇರಿಯಲ್ಲೇ ಇದ್ದವನನ್ನು ಅಲ್ಲಿ ಯಾರೂ ಅಣ್ಣಿಗೇರಿ ಅನ್ನೋದಿಲ್ಲ, ಅಲ್ವಾ? ಊರು ಬಿಟ್ಟ ಮೇಲೇನೇ ಆ ಹೆಸರು ಅಂಟೋದು. ಕ್ರೆಮೊನಾದಲ್ಲೇ ಉಳಿದಿದ್ದರೆ ಅವನು ಸುಮ್ನೆ ಜೆರಾರ್ಡ್.

ಹಾವೇರಿ ಮೇಷ್ಟ್ರು:
ಹುಟ್ಟಿದ ಊರೇ ಆಗಬೇಕು ಅಂತಲೂ ಇಲ್ಲ. ಗಂಗೂಬಾಯಿಯವರು ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹೆಸರು ಮಾತ್ರ ನಮ್ಮ ಜಿಲ್ಲೆಯ ಹಾನಗಲ್. ಹಾಗೇ ಟ್ರೆಬಿಜೋಂಡಿನ ಜಾರ್ಜ್. ಹುಟ್ಟಿದ್ದು 1395ರಲ್ಲಿ ಕ್ರೀಟ್ ದ್ವೀಪದಲ್ಲಿ. ಟ್ರೆಬಿಜೋಂಡ್ ಇರೋದು ಕಪ್ಪು ಸಮುದ್ರದ ದಂಡೆಗೆ, ಅದು ಹಿರಿಯರ ಊರು. ಅವನು ಪಾಠ ಹೇಳಿದ್ದು ಇಟಲಿಯಲ್ಲಿ. ಮಜಾ ನೋಡ್ರಿ, ಇವನೂ 1451ರಲ್ಲಿ ಅದೇ ಅಲ್ಮಜೆಸ್ಟನ್ನು ಅನುವಾದ ಮಾಡಿದ, ಈ ಸಲ ನೇರ ಗ್ರೀಕಿನಿಂದ.

ಗದಗಿನಾಕಿ:
ನಮ್ಮ ಗದುಗಿನ ನಾರಣಪ್ಪನನ್ನು ಬಿಟ್ಟಿರಲ್ಲ! ಅವನ ಊರು ಕೋಳಿವಾಡ ಅಂತಾರೆ. ಕಾವ್ಯ ಬರೆದದ್ದು ವೀರನಾರಾಯಣನ ಗುಡಿಯಲ್ಲಿ ಅಂತ ಹೆಸರು ನಮ್ಮೂರಿನದಾಯಿತು.

ಇರಾನಿನ ತೂಸ್ ಊರಿನ ಇಬ್ಬರನ್ನೂ ನೋಡಿ. ಶರಫ್ ಅಲ್ ತೂಸಿ, ನಸೀರ್ ಅಲ್ ತೂಸಿ. ಇಬ್ಬರೂ ಗಣಿತದವರು, ಬಳಗ ಅಲ್ಲ. ಆದರೆ ಶರಫನ ಶಿಷ್ಯ ಕಮಾಲ್ ಇಬ್ನ್ ಯೂನುಸ್ ಹತ್ತಿರ ನಸೀರ್ ಕಲಿತ. ನಸೀರ್ 1247ರಲ್ಲಿ ಅಲ್ಮಜೆಸ್ಟನ್ನು ಅರಬ್ಬಿಯಲ್ಲೇ ತಿದ್ದಿ ಬರೆದ. ಊರಿನ ನಂಟಿಗಿಂತ ಪಾಠದ ನಂಟೇ ಗಟ್ಟಿ ಇತ್ತು ಅನ್ನಿಸುತ್ತದೆ.

ಅಣ್ಣಿಗೇರಿಯವ, ಹುಬ್ಬಳ್ಳಿ:
ಎಲ್ಲರಿಗೂ ಶರಣು. ಹಳೇ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ "ಇವನು ಸಬ್ಬಿಯೊನೆಟಾದವ" ಅಂತ ಬರೆದಿಟ್ಟೆ. ನಿನ್ನೆ ಹಿಂದಿನ ಓಣಿಯ ಅಣ್ಣಿಗೇರಿಯವರು ಚಹಾಕ್ಕೆ ಬಂದಿದ್ದರು. ಹೋಗುವಾಗ ಆ ಲೆಕ್ಕದ ಪುಸ್ತಕವನ್ನೇ ಓದಲು ಒಯ್ದರು.