‘ನಾಟಿ ರೋಜಾ’ ಅಂದರೆ ಯಾವುದು? ಜೊತೆಗೆ ಪನ್ನೀರು, ಪನ್ನೇರಳೆ, ಕಾಡುಚಿಗುರು

ಬಲ್ಲವರಲ್ಲಿ ಒಂದು ಕೇಳಿಕೆ. ಮೈಸೂರು, ಮಂಡ್ಯ ಕಡೆ ಮನೆಯಂಗಳದಲ್ಲಿ ಘಮಘಮಿಸುವ ಹಳೇ ಕಾಲದ ಗುಲಾಬಿ ಬೆಳೆಸುವವರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

ಇಂಗ್ಲಿಷಿನ ‘ಓಲ್ಡ್ ಗಾರ್ಡನ್ ರೋಸ್’ಗೆ ಖಚಿತ ಅರ್ಥವಿದೆ. 1867ರಲ್ಲಿ ಬಂದ ‘ಲಾ ಫ್ರಾನ್ಸ್’ ಎಂಬ ತಳಿಯನ್ನು ಮೊದಲ ಹೈಬ್ರಿಡ್ ಟೀ (ಈಗಿನ ಕಾಲದ ಗುಲಾಬಿಗಳ ಒಂದು ಗುಂಪು) ಎಂದು ಎಣಿಸಿ, ಅದಕ್ಕೆ ಮುಂಚಿನ ಗುಂಪುಗಳಿಗೆಲ್ಲ ಅಮೆರಿಕದ ರೋಸ್ ಸೊಸೈಟಿಯವರು ಈ ಹೆಸರು ಕೊಡುತ್ತಾರೆ. ಲೆಕ್ಕಕ್ಕೆ ಬರುವುದು ಗಿಡದ ವಯಸ್ಸಲ್ಲ, ವಂಶದ್ದು. ಹೋದ ತಿಂಗಳು ಕಡ್ಡಿ ನೆಟ್ಟು ಚಿಗುರಿಸಿದ್ದೂ ಇದರಲ್ಲಿ ಸೇರಬಹುದು. ‘ಹಳೇ ಗುಲಾಬಿ’ ಅಂದರೆ ನಿನ್ನೆಯ ಬಾಡಿದ ಹೂ ಅನ್ನಿಸುತ್ತದೆ. ‘ಪಾರಂಪರಿಕ ಗುಲಾಬಿ’ ಸರ್ಕಾರಿ ಫಲಕದ ಭಾಷೆ.

ನರ್ಸರಿಯವರ ಬಾಯಲ್ಲಿರುವ ಮಾತು ‘ನಾಟಿ ರೋಜಾ’. ನಾಟಿ ಕೋಳಿ, ನಾಟಿ ಹಸು, ನಾಟಿ ಟೊಮೆಟೊ ಸಾಲಿಗೆ ಸೇರುವಂಥದ್ದು. ನನಗೆ ಮಾತ್ರ ಇದು ಒಪ್ಪಿಗೆಯಿಲ್ಲ. ಹೂ ಹೊರಗಿನದು ಅಂತಲ್ಲ; ಟೊಮೆಟೊ ಕೂಡ ಹೊರಗಿನದೇ, ಅದು ನಾಟಿಯಾಗಲಿಲ್ಲವೇ? (ಭತ್ತದ ನಾಡಿನಲ್ಲಿ ‘ನಾಟಿ ರೋಜಾ ನಾಟಿ ಮಾಡುವ ಬಗೆ’ ಎಂದು ಬರೆಯಬೇಕಾಗುತ್ತದೆ ಅನ್ನುವ ತಮಾಷೆಯನ್ನೂ ಬಿಡಿ.) ತೊಡಕಿರುವುದು ಬೇರೆ ಕಡೆ. ಒಂದೇ ಮಾತು ಕಸಿ ಮಾಡದ ಕಡ್ಡಿಗಿಡಕ್ಕೂ, ಘಮ ಇರುವ ತಿಳಿಗೆಂಪು ಹೂವಿಗೂ, ಕಸಿಯ ಕೆಳಗಿರುವ ಬೇರುಗಿಡಕ್ಕೂ ನಡೆಯುತ್ತಿದೆ.

ಈ ಕೊನೆಯದರ ಕತೆ ಸ್ವಾರಸ್ಯದ್ದು. ಅಂಗಡಿಯಿಂದ ತಂದ ಹೈಬ್ರಿಡ್ ಗಿಡದಲ್ಲಿ ಕಸಿಗಾಗಿ ಕಣ್ಣು ಕೂರಿಸಿದ ಗಂಟಿನ ಕೆಳಗಿನಿಂದ ಒಂದು ಚಿಗುರು ಏಳುತ್ತದೆ. ಎಲೆಯ ಬಣ್ಣ ಬೇರೆ, ಮುಳ್ಳಿನ ಆಕಾರ ಬೇರೆ, ಬೆಳೆಯುವ ಬಿರುಸೇ ಬೇರೆ. ಸುಮ್ಮನೆ ಬಿಟ್ಟರೆ ಮೇಲಿನ ಗಿಡ ಸೊರಗಿ ಇದೇ ಆಳುತ್ತದೆ. ‘ಗಿಡ ಕಾಡಾಗೋಯ್ತು, ಕಿತ್ತಾಕ್ಬುಡಿ’ ಅನ್ನುತ್ತಾರೆ. ಆದರೆ ನಮ್ಮ ದೇಶದಲ್ಲಿ ಬೇರುಗಿಡವಾಗಿ ಬಳಸುವುದರಲ್ಲಿ ‘ಎಡ್ವರ್ಡ್’ ಕೂಡ ಒಂದು. ಅದು ಸಾಕ್ಷಾತ್ ಬೂರ್ಬೊನ್ ಗುಲಾಬಿ. ಹಿಂದೆ ಬೂರ್ಬೊನ್ ಎನ್ನುತ್ತಿದ್ದ ಈಗಿನ ರೆಯೂನಿಯನ್ ದ್ವೀಪದಲ್ಲಿ, 19ನೇ ಶತಮಾನದ ಆರಂಭದಲ್ಲಿ, ಚೀನಾ ಗುಲಾಬಿಯೂ ಡಮಾಸ್ಕ್ ಗುಲಾಬಿಯೂ ಕೂಡಿ ಹುಟ್ಟಿದ್ದು. ಕಿತ್ತೆಸೆಯಿರಿ ಎಂದ ಗಿಡವೇ ನಾವು ಹುಡುಕುತ್ತಿರುವ ಹಳೇ ಪರಿಮಳದ್ದಾಗಿರಲೂಬಹುದು! ಹಾಗಾಗಿ ಕೀಳುವ ಮುಂಚೆ ಒಂದು ಹೂ ನೋಡಿ ಎಂದು ಕೈಪಿಡಿಯಲ್ಲಿ ಬರೆದಿದ್ದೇನೆ. ಈ ಚಿಗುರನ್ನು ಸದ್ಯಕ್ಕೆ ‘ಕಾಡುಚಿಗುರು’ ಎಂದಿದ್ದೇನೆ. ಬಾಳೆಗೆ ‘ಕಂದು’ ಇದೆ, ಕಬ್ಬಿಗೆ ‘ಕೂಳೆ’ ಇದೆ. ಕಸಿಗಿಡದ ಈ ಚಿಗುರಿಗೆ ನಿಮ್ಮ ಕಡೆ ಏನನ್ನುತ್ತೀರಿ?

ಇನ್ನು ‘ಪನ್ನೀರು ರೋಜಾ’. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಈ ಹೆಸರು ಹೇಳಿ ಕೇಳಿದರೆ ಘಮ ಇರುವ ಬಿಡಿ ಹೂ ಯಾವುದಾದರೂ ಕೈಗೆ ಬರುತ್ತದೆ. ಪುಸ್ತಕದ ಪ್ರಕಾರ ಪನ್ನೀರು ಭಟ್ಟಿ ಇಳಿಸುವುದು ಮುಖ್ಯವಾಗಿ ಡಮಾಸ್ಕ್ ಗುಲಾಬಿಯಿಂದ, ಉತ್ತರದ ಕನೌಜ್, ಅಲೀಗಢದ ಕಡೆ. ವರ್ಷಕ್ಕೊಮ್ಮೆ ಬಿಡುವ ಗ್ಯಾಲಿಕಾ, ಸೆಂಟಿಫೋಲಿಯಾ, ಡಮಾಸ್ಕ್‌ಗಳಿಗೆಲ್ಲ ಒಳ್ಳೆಯ ಚಳಿ ಬೇಕು. ನಮ್ಮ ಮಾಗಿ ಅವಕ್ಕೆ ಏತಕ್ಕೂ ಸಾಲದು; ಎಲೆ ತುಂಬಿಕೊಂಡು ನಿಲ್ಲುತ್ತವೆ, ಮೊಗ್ಗಿನ ಸುದ್ದಿಯಿಲ್ಲ. ಇಲ್ಲಿ ಒಗ್ಗುವುದು ಚೀನಾ, ಟೀ, ಬೂರ್ಬೊನ್ ಬಗೆಗಳು. ಅದಕ್ಕೇ ‘ಪನ್ನೀರು ಗುಲಾಬಿ’ಯನ್ನು ಡಮಾಸ್ಕಿಗೆ ಮೀಸಲಿಡೋಣ ಎಂದುಕೊಂಡಿದ್ದೇನೆ.

ಪನ್ನೀರು ಎಂಬ ಮಾತೇ ನನ್ನನ್ನು ಬಿಡುತ್ತಿಲ್ಲ. ಫಾರಸಿಯಲ್ಲಿ ‘ಗುಲ್’ ಹೂ, ‘ಆಬ್’ ನೀರು. ‘ಗುಲಾಬ್’ ಅಂದರೆ ಮೊದಲಿಗೆ ಪನ್ನೀರೇ. ಹಿಂದಿಯಲ್ಲಿ ಅದೇ ಹೂವಿನ ಹೆಸರಾಯಿತು. ನಾವು ಇಕಾರ ಇರುವ, ಬಣ್ಣ ಹೇಳುವ ರೂಪವನ್ನೇ ಹೂವಿಗೆ ಇಟ್ಟುಕೊಂಡೆವು. ಹಾಗೆ ನೋಡಿದರೆ ‘ಪನ್ನೀರು ಗುಲಾಬಿ’ಯಲ್ಲಿ ಪನ್ನೀರು ಎರಡು ಸಲ ಬಂತು. ಪನ್ನೇರಳೆ ಹಣ್ಣು ನೆನಪಿಸಿಕೊಳ್ಳಿ, ಕಚ್ಚಿದರೆ ಪನ್ನೀರಿನ ವಾಸನೆ. ಹಿಂದಿಯಲ್ಲಿ ಆ ಹಣ್ಣಿನ ಹೆಸರು ‘ಗುಲಾಬ್ ಜಾಮುನ್’. ಜಾಮುನ್ ಅಂದರೆ ನೇರಳೆ. ಎರಡೂ ಹೆಸರು ಒಂದೇ ಅಚ್ಚಿನವು. ನಮ್ಮ ಮದುವೆಮನೆಯ ಜಾಮೂನು ಈ ಹೆಸರಿನ ಇನ್ನೊಬ್ಬ ವಾರಸುದಾರ.

ಈಗ ವ್ಯಾಕರಣ ಬಲ್ಲವರಿಗೆ: ಪನಿ + ನೀರು ಎಂದು ಬಿಡಿಸುವುದಾದರೆ, ಪನಿ ಹನಿಯಾದ ಮೇಲೂ ಇಲ್ಲಿ ಪಕಾರ ಉಳಿದದ್ದು ಹೇಗೆ? ಪಾಲು ಹಾಲಾಯಿತು, ಪೂ ಹೂವಾಯಿತು, ‘ಹನ್ನೀರು’ ಮಾತ್ರ ಯಾರೂ ಅನ್ನಲಿಲ್ಲ. ತಮಿಳಿನಿಂದ ತಡವಾಗಿ ಬಂದದ್ದಕ್ಕೋ, ದೇವಸ್ಥಾನದ ಮಾತಾದ್ದರಿಂದಲೋ? ಸಂಸ್ಕೃತ ನಿಘಂಟಿನಲ್ಲಿ ‘ಸೇಮಂತೀ’ಗೆ ಬಿಳಿ ಗುಲಾಬಿ ಎಂಬ ಅರ್ಥವಿದೆ, ನಮ್ಮ ಸೇವಂತಿಗೆ ಬೇರೆಯೇ ಹೂ. ಅದನ್ನೂ ಯಾರಾದರೂ ಬಿಡಿಸಿ ಹೇಳಿದರೆ ಸಂತೋಷ.

ಒಟ್ಟು ಗುಂಪಿಗೆ ನನ್ನ ಸಲಹೆ ‘ಹಳೆದಳಿ ಗುಲಾಬಿ’. ‘ಹಳೆಗನ್ನಡ’ ಎಂಬ ಮಾತಿನಲ್ಲಿ ಕ ಗ ಆದ ಹಾಗೆ ಇಲ್ಲಿ ತ ದ ಆಗಿದೆ. ಕಿವಿಗೆ ಒಗ್ಗುತ್ತದೆಯೇ, ಇಲ್ಲ ‘ಹಳೆತಳಿ’ ಎಂದೇ ಬಿಡಲೇ? ಇನ್ನೊಂದು: ಬೂರ್ಬೊನ್ ಗಿಡದ ಉದ್ದನೆಯ ಕೊಂಬೆಯನ್ನು ನೆಟ್ಟಗೆ ಬಿಟ್ಟರೆ ತುದಿಯಲ್ಲಷ್ಟೇ ಹೂ, ಬಗ್ಗಿಸಿ ನೆಲದ ಹತ್ತಿರ ಗೂಟಕ್ಕೆ ಕಟ್ಟಿದರೆ ಗೆಣ್ಣುಗೆಣ್ಣಿಗೂ ಚಿಗುರೊಡೆದು ಹೂ ಕಚ್ಚುತ್ತದೆ. ಈ ಕೆಲಸಕ್ಕೆ ಹೂ ಬೆಳೆಗಾರರಲ್ಲಿ ಒಂದೇ ಮಾತಿನ ಕ್ರಿಯಾಪದ ಇದ್ದರೆ, ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿ.