ಒಂದು ಮೊಳೆಯ ತಲೆ ಮೇಲೆ 12 ಮೊಳೆ: ಬೀಳುವುದಿಲ್ಲ ಯಾಕೆ?

ಮೊಳೆಪೆಟ್ಟಿಗೆ ಕೇಳಿದ್ದು:

ಹಲಗೆಗೆ ನೆಟ್ಟಗೆ ಒಂದು ಮೊಳೆ ಹೊಡೆದು ಅದರ ತಲೆ ಮೇಲೆ ಇನ್ನೂ 12 ಮೊಳೆ ನಿಲ್ಲಿಸುವ ಒಗಟು ಗೊತ್ತಲ್ಲ? ಅಂಟು, ದಾರ, ಅಯಸ್ಕಾಂತ ಏನೂ ಬಳಸುವಂತಿಲ್ಲ. ಗೊತ್ತಿಲ್ಲದವರಿಗೆ ಉಪಾಯ ಇಷ್ಟೇ. ಒಂದು ಮೊಳೆಯನ್ನು ಮೇಜಿನ ಮೇಲೆ ಮಲಗಿಸಿ. ಅದರ ಮೇಲೆ ಅಡ್ಡಲಾಗಿ 10 ಮೊಳೆ ಇಡಿ, ಒಂದರ ಚೂಪು ಎಡಕ್ಕೆ, ಮುಂದಿನದರ ಚೂಪು ಬಲಕ್ಕೆ, ತಲೆಗಳು ಮಾತ್ರ ಮಲಗಿದ ಮೊಳೆಗೆ ಅಂಟಿಕೊಂಡ ಹಾಗೆ ಇರಬೇಕು. ಕೊನೆಯದನ್ನು ಎಲ್ಲದರ ಮೇಲೆ, ಅಡಿ ಮೊಳೆಯ ಉದ್ದಕ್ಕೇ ಇಡಿ. ಎರಡು ತುದಿ ಹಿಡಿದು ಎತ್ತಿದರೆ ಅಡ್ಡ ಮೊಳೆಗಳು ಜೋತುಬಿದ್ದು ಲಾಕ್ ಆಗುತ್ತವೆ.

ನಿಲ್ಲಿಸುವುದು ಬಂತು. ಆದರೆ ಬೆರಳಲ್ಲಿ ಮೆಲ್ಲಗೆ ತಳ್ಳಿದರೂ ಬೀಳದೆ ತೂಗಾಡಿ ವಾಪಸ್ ಬರುತ್ತದೆ! ತಳ ಅಗಲ ಇದ್ದರೆ ಗಟ್ಟಿ ಅಂತ ತಾನೇ ಓದಿರುವುದು? ಇಲ್ಲಿ ತಳವೇ ಇಲ್ಲ, ಬರೀ ಮೊಳೆಯ ತಲೆ. ಇನ್ನೊಂದು, ತಲೆ ಚಿಕ್ಕದಿರುವ ಮೊಳೆಯಲ್ಲಿ ಇದು ಆಗುವುದೇ ಇಲ್ಲ, ಯಾಕೆ?

ತೂಗುಗುಂಡು:

ತಳ ಅಗಲ ಇರಬೇಕು ಅನ್ನುವ ಮಾತು ಗುರುತ್ವ ಕೇಂದ್ರ (ವಸ್ತುವಿನ ಭಾರವೆಲ್ಲ ಒಂದೇ ಕಡೆ ಸೇರಿದೆ ಅಂತ ಎಣಿಸಬಹುದಾದ ಬಿಂದು) ಆಸರೆಗಿಂತ ಮೇಲಿರುವ ವಸ್ತುಗಳಿಗೆ. ಪೆಟ್ಟಿಗೆ, ಕುರ್ಚಿ, ಪುಸ್ತಕದ ರಾಶಿ ಇಂಥವಕ್ಕೆ. ನಿಮ್ಮ ಮೊಳೆಗಳು ನಿಂತಿಲ್ಲ, ನೇತಾಡುತ್ತಿವೆ. ನೋಡಲು ಮೇಲಿದ್ದ ಹಾಗೆ ಕಂಡರೂ ಚೂಪು ತುದಿಗಳೆಲ್ಲ ಕೆಳಕ್ಕೆ ಇಳಿದಿವೆ, ಅದರಿಂದ ಒಟ್ಟು ಗುರುತ್ವ ಕೇಂದ್ರ ಆಸರೆಯ ಬಿಂದುವಿಗಿಂತ ಕೆಳಗೆ ಬಂದಿದೆ. ಒಂದು ಕಡೆ ತಳ್ಳಿದರೆ ಆ ಕೇಂದ್ರ ಚೂರು ಮೇಲೇರಬೇಕಾಗುತ್ತದೆ, ಬಿಟ್ಟ ತಕ್ಷಣ ಮತ್ತೆ ಕೆಳಗಿಳಿಯುತ್ತದೆ. ಪೆನ್ಸಿಲನ್ನು ಮೊನೆ ಮೇಲೆ ನಿಲ್ಲಿಸಿದರೆ ಇದರ ಉಲ್ಟಾ, ಸ್ವಲ್ಪ ವಾಲಿದರೂ ಕೇಂದ್ರ ಕೆಳಗಿಳಿಯುತ್ತದೆ, ಇಳಿಯುತ್ತಲೇ ಹೋಗುತ್ತದೆ. ಮತ್ತೆ, ನಿಮ್ಮ ಮೊಳೆಗಳ ಆ ಕೇಂದ್ರ ಇರುವ ಜಾಗದಲ್ಲಿ ಜೋಡಣೆಯ ಯಾವ ಮೊಳೆಯೂ ಇರಬೇಕಾಗಿಲ್ಲ, ಅದು ಖಾಲಿ ಜಾಗದಲ್ಲೂ ಇರಬಹುದು. ಬಳೆಯ ಗುರುತ್ವ ಕೇಂದ್ರ ಎಲ್ಲಿರುತ್ತದೆ ಅಂತ ಯೋಚಿಸಿ.

ಅಳತೆಪಟ್ಟಿ:

ಸರಿ, ಆದರೆ "ಕೆಳಗೆ ಬಂದಿದೆ" ಅಂತ ಸುಮ್ನೆ ಒಪ್ಪಬೇಡಿ, ಲೆಕ್ಕ ಹಾಕಿ. 10 ಸೆಂ.ಮೀ. ಉದ್ದ, 4 ಮಿ.ಮೀ. ದಪ್ಪದ ಮೊಳೆ ಅಂದುಕೊಳ್ಳೋಣ. ಅಡ್ಡ ಮೊಳೆಗಳು ಅಡಿ ಮೊಳೆಯ ಮೇಲೆ ಕೂತಿರುವುದರಿಂದ ಅವು ಸಿಕ್ಕಿಕೊಂಡ ಜಾಗ ಆಸರೆಗಿಂತ ಸುಮಾರು 6 ಮಿ.ಮೀ. ಮೇಲಿರುತ್ತದೆ. ಅಂದರೆ ಮೊದಲು ಈ 6 ಮಿ.ಮೀ. ಸಾಲ ತೀರಿಸಬೇಕು. ಮೊಳೆ 20 ಡಿಗ್ರಿ ಜೋತುಬಿದ್ದರೆ ಅದರ ನಡುಭಾಗ ಸುಮಾರು 17 ಮಿ.ಮೀ. ಇಳಿಯುತ್ತದೆ, ಸಾಲ ಕಳೆದು 11 ಮಿ.ಮೀ. ಕೆಳಗೆ. ಬರೀ 10 ಡಿಗ್ರಿ ಆದರೆ ಇಳಿಯುವುದು 9 ಮಿ.ಮೀ. ಒಳಗೆ, ಉಳಿಯುವುದು 3 ಮಿ.ಮೀ. ಕೂಡ ಇಲ್ಲ. ಮೇಲಿನ ಮೊಳೆಯ ಭಾರವನ್ನೂ ಸೇರಿಸಿದರೆ ಗಾಳಿ ಬಂದರೂ ಭಯ!

ತಲೆಯ ವಿಷಯ: ಅಡ್ಡ ಮೊಳೆ ಪೂರ್ತಿ ಜಾರಿ ಬೀಳದಂತೆ ತಡೆಯುವುದೇ ಅದರ ತಲೆ, ಅದು ಮೇಲಿನ ಮೊಳೆಯ ಅಡಿಗೆ ಒತ್ತಿ ಹಿಡಿಯುತ್ತದೆ. ತಲೆ ತೀರಾ ಚಿಕ್ಕದಾದರೆ ಸಿಕ್ಕಿಕೊಳ್ಳುವುದಕ್ಕೆ ಏನಿದೆ, ನುಣುಚಿಕೊಳ್ಳುತ್ತದೆ.

ಮೊಳೆಪೆಟ್ಟಿಗೆ:

ಓಹೋ, 6 ಮಿ.ಮೀ. ವಿಷಯ ನನಗೆ ಹೊಳೆದಿರಲಿಲ್ಲ. ಹಾಗಾದರೆ ಗುರುತ್ವ ಕೇಂದ್ರ ಅಂದರೆ ಎರಡೂ ಕಡೆ ಅರ್ಧರ್ಧ ತೂಕ ಇರುವ ಜಾಗ, ಅಲ್ವಾ?

ಕಡ್ಡಿಪುಡಿ:

ಅಲ್ಲ! ಇಲ್ಲೇ ಎಷ್ಟೋ ಜನ ಎಡವುವುದು. ಉದ್ದ ಕೋಲಿನ ಪೊರಕೆಯನ್ನು ಎರಡು ತೋರುಬೆರಳ ಮೇಲೆ ಅಡ್ಡಲಾಗಿ ಇಟ್ಟು ಬೆರಳುಗಳನ್ನು ನಿಧಾನವಾಗಿ ಹತ್ತಿರ ತನ್ನಿ. ಹೆಚ್ಚು ಭಾರ ಹೊತ್ತ ಬೆರಳಿಗೆ ಘರ್ಷಣೆ ಜಾಸ್ತಿ, ಅದು ನಿಲ್ಲುತ್ತದೆ, ಇನ್ನೊಂದು ಜಾರುತ್ತದೆ, ಹೀಗೆ ಸರದಿ ಮೇಲೆ ಸರಿದು ಕೊನೆಗೆ ಸರಿಯಾಗಿ ಗುರುತ್ವ ಕೇಂದ್ರದ ಕೆಳಗೆ ಸೇರುತ್ತವೆ. ಈಗ ಅಲ್ಲೇ ಕತ್ತರಿಸಿ ಎರಡು ತುಂಡನ್ನೂ ತೂಗಿದರೆ ಪೊರಕೆ ಇರುವ ಗಿಡ್ಡ ತುಂಡೇ ಹೆಚ್ಚು ತೂಗುತ್ತದೆ. ಸಮ ಆಗಬೇಕಾದದ್ದು ತೂಕ ಅಲ್ಲ, ತೂಕವನ್ನು ದೂರದಿಂದ ಗುಣಿಸಿದ್ದು. ಕೋಲಿನ ಕಡೆ ತೂಕ ಕಡಿಮೆ, ಆದರೆ ಅದು ದೂರದಲ್ಲಿದೆ. (ಕತ್ತರಿಸುವ ಮೊದಲು ಪೊರಕೆ ಯಾರದ್ದು ಅಂತ ಕೇಳಿಕೊಳ್ಳಿ.)

ತೂಗುಗುಂಡು:

ಇನ್ನೊಂದು ಮಾಡಿ ನೋಡಿ. ಮೊಳೆಗಳು ತೂಗಾಡುವ ವೇಗ ಗಮನಿಸಿ, ಆಮೇಲೆ ಮೇಲಿನ ಮೊಳೆಯ ನಡುವೆ ಚಿಟಿಕೆಯಷ್ಟು ಜೇಡಿಮಣ್ಣು ಅಂಟಿಸಿ. ತೂಗಾಟ ನಿಧಾನ ಆಗುತ್ತದೆ, ಯಾಕೆಂದರೆ ಕೇಂದ್ರ ಆಸರೆಯ ಹತ್ತಿರಕ್ಕೆ ಏರಿತು, ವಾಪಸ್ ಎಳೆಯುವ ಬಲ ಕಡಿಮೆಯಾಯಿತು. ತಕ್ಕಡಿಯ ದಂಡದಲ್ಲೂ ಇದೇ ಉಪಾಯ ಇದೆ. ದಂಡದ ಗುರುತ್ವ ಕೇಂದ್ರವನ್ನು ಆಸರೆಗಿಂತ ಸ್ವಲ್ಪವೇ ಕೆಳಗೆ ಇಟ್ಟಿರುತ್ತಾರೆ, ಆಗ ಸಣ್ಣ ವ್ಯತ್ಯಾಸಕ್ಕೂ ಚೆನ್ನಾಗಿ ವಾಲುತ್ತದೆ, ಆದರೆ ನೆಟ್ಟಗಾಗಲು ಹೊತ್ತು ಹಿಡಿಯುತ್ತದೆ. ಮಣ್ಣು ಚೂರು ಚೂರೇ ಸೇರಿಸುತ್ತಾ ಹೋಗಿ, ತೂಗಾಟ ತೀರಾ ಮಂದವಾದಾಗ ಕೈ ಕೆಳಗೆ ಹಿಡಿದಿರಿ, ಮುಂದಿನ ಚೂರಿಗೆ ಎಲ್ಲವೂ ಉರುಳುವುದು ಖಂಡಿತ.