ಮೈಸೂರು ಪೇಟೆಯಲ್ಲಿ ಚಿಕ್ಕ ಮಕ್ಕಳಿಗೆ ಶೌಚಾಲಯ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಮಂಡ್ಯದಿಂದ ಬಸ್ಸಿನಲ್ಲಿ ಬಂದು, ಇಬ್ಬರು ಚಿಕ್ಕ ಮಕ್ಕಳಿಗೆ ಅರಮನೆ, ದೇವರಾಜ ಮಾರುಕಟ್ಟೆ ಮತ್ತು ಮೃಗಾಲಯವನ್ನು ತೋರಿಸಬೇಕೆಂದಿದ್ದೇವೆ. ನಾಲ್ಕು ವರ್ಷದ ಮಗಳು ‘ಅಮ್ಮಾ, ಒಂದಕ್ಕೆ’ ಎಂದ ಮೇಲೆ ಹೆಚ್ಚು ಹೊತ್ತು ತಡೆದುಕೊಳ್ಳಲಾರಳು. ಶುಚಿಯಾದ ಶೌಚಾಲಯಗಳು ಎಲ್ಲಿವೆಯೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಬಸ್ಸಿಳಿದ ಕೂಡಲೇ, ಮಕ್ಕಳು ಬೇಡವೆಂದರೂ, ನಿಲ್ದಾಣದ ಶೌಚಾಲಯಕ್ಕೆ ಒಮ್ಮೆ ಕರೆದೊಯ್ಯಿರಿ, ಚಿಲ್ಲರೆ ಕೈಯಲ್ಲಿರಲಿ. ಅರಮನೆ ಮತ್ತು ಮೃಗಾಲಯದ ಆವರಣದೊಳಗೆ ಶೌಚಾಲಯಗಳಿವೆ, ಆದರೆ ಟಿಕೆಟ್ ಪಡೆದು ಒಳಹೋದವರಿಗಷ್ಟೇ ಅವು ಒದಗುವುದರಿಂದ ಹೊರಬರುವ ಮುನ್ನವೇ ಮುಗಿಸಿಕೊಳ್ಳಿ. ನಿಜವಾದ ಕಷ್ಟ ಮಾರುಕಟ್ಟೆ ಮತ್ತು ಸಯ್ಯಾಜಿರಾವ್ ರಸ್ತೆಯಲ್ಲಿ. ಅಲ್ಲಿ ಜನಜಂಗುಳಿಯ ನಡುವೆ ಮಗುವನ್ನೆತ್ತಿಕೊಂಡು ಅಲೆಯುವುದಕ್ಕಿಂತ, ಶೌಚಾಲಯವಿದೆಯೇ ಎಂದು ಮೊದಲೇ ಕೇಳಿಕೊಂಡು ಯಾವುದಾದರೂ ಹೋಟೆಲಿನಲ್ಲಿ ತಿಂಡಿಗೆ ಕುಳಿತುಕೊಳ್ಳುವುದು ಲೇಸು.

ಉತ್ತರ 2: ಒಂದು ಬಾಟಲಿ ನೀರು, ಕಾಗದದ ಸೋಪು, ಬದಲಿ ಚಡ್ಡಿ ಚೀಲದಲ್ಲಿರಲಿ. ಎಷ್ಟೋ ಕಡೆ ನಲ್ಲಿಯಿದ್ದರೂ ಮಗ್ಗು ಇರುವುದಿಲ್ಲ, ಕೈತೊಳೆಯುವ ಬೇಸಿನ್ನು ಮಕ್ಕಳಿಗೆ ಎಟುಕುವುದಿಲ್ಲ.

ಉತ್ತರ 3: ಮಗಳನ್ನು ಒಬ್ಬನೇ ಕರೆತರುವ ತಂದೆ ಯಾವ ಬಾಗಿಲಿಗೆ ಹೋಗಬೇಕು ಎಂಬುದನ್ನು ನಮ್ಮಲ್ಲಿ ಯಾರೂ ಯೋಚಿಸಿದಂತಿಲ್ಲ. ನಾನು ಉಸ್ತುವಾರಿಯ ಹೆಂಗಸರನ್ನು ವಿನಂತಿಸಿಕೊಳ್ಳುತ್ತೇನೆ; ಅವರು ಒಳಗೆ ಕರೆದೊಯ್ದು ನೆರವಾಗುತ್ತಾರೆ. ಪೆಟ್ರೋಲ್ ಬಂಕುಗಳಲ್ಲಿಯೂ ಕೇಳಿ ನೋಡಿ.